ಊರಿಗೆಲ್ಲ ಕಪ್ಪೆಯ ಬಣ್ಣ ತೊಡಿಸಿದ ಅತ್ತೆ

ತಾಳಿ, ತಾಳಿ! ಮುಂದಕ್ಕೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನೀವು ನರಸಿಂಹರಾಜಪುರದ ಕಡೆಯವರಾಗಿದ್ದು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾವತ್ತಾದರೂ ರವಿಕೆ ಹೊಲಿಸಿದ್ದರೆ, ಅದನ್ನು ಬೀರುವಿನಿಂದ ತೆಗೆದು ಬೆಳಕಿಗೆ ಹಿಡಿಯಿರಿ. ಕೆಂಪು ಮೈಗೆ ನೀಲಿ ತೋಳು ಇದೆಯೇ? ಇಲ್ಲವೇ ಕಡುನೀಲಿಯ ಮೇಲೆ ಕಪ್ಪು ಚುಕ್ಕಿಗಳು? ಇದ್ದರೆ ಕಿರುಚಬೇಡಿ. ನೀವು ಇಷ್ಟು ದಿನ ಮದುವೆ ಮುಂಜಿಗೆ ತೊಟ್ಟು ಹೋಗಿದ್ದು ರವಿಕೆಯಲ್ಲ. ಕಪ್ಪೆಯ ಚರ್ಮ! ಅದರಲ್ಲೂ ವಿಷದ ಕಪ್ಪೆ! ಇದೆಲ್ಲ ನಮ್ಮ ಅತ್ತೆಯ ಕೆಲಸ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ಒಂದು ಟ್ರಂಕು ಹಿಡಿದು ತೌರಿಗೆ ವಾಪಸ್ಸು ಬಂದವಳು. ಯಾಕೆ ಬಂದಳೆಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಲಿಗೆ ಮಿಷನ್ ಇಟ್ಟುಕೊಂಡಳು. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಮಾತೆಲ್ಲ ತುಟಿಯ ಒಂದೇ ಮೂಲೆಯಿಂದ ಬರುತ್ತಿತ್ತು. ಕಣ್ಣು ಮಿಟುಕಿಸುವುದಂತೂ ಬಹಳ ಅಪರೂಪ. ಅಂಥವಳ ಎದುರು ಕೈ ಎತ್ತಿ ಅಳತೆ ಕೊಡಲು ನಿಂತವರ ಗತಿ ಊಹಿಸಿಕೊಳ್ಳಿ!

ಕಪ್ಪೆ ಅವಳ ತಲೆಗೆ ಹೊಕ್ಕಿದ್ದು ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಆಗಷ್ಟೇ ನಮ್ಮೂರಿಗೆ ಬ್ರೌಸಿಂಗ್ ಸೆಂಟರ್ ಬಂದಿತ್ತು. ನನಗೆ ಜೊತೆಯಾಗಿ ಅತ್ತೆ ಬಂದಿದ್ದಳು. ಅವಳು ಕೂತ ಕಡೆಯ ಕಂಪ್ಯೂಟರಿನಲ್ಲಿ ಯಾರೋ ಅರ್ಧಕ್ಕೆ ಬಿಟ್ಟುಹೋದ ಚಿತ್ರವೊಂದು ಇಳಿಯುತ್ತಿತ್ತು. ಆಗಿನ ಇಂಟರ್ನೆಟ್ ನಿಮಗೆ ನೆನಪಿದೆಯಲ್ಲ? ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆಯಾಗಿ ಕಾಣಿಸಿಕೊಳ್ಳುತ್ತಿತ್ತು. ಮೊದಲು ಬರೀ ಕತ್ತಲು. ಆಮೇಲೆ ಎರಡು ಕೆಂಪು ಕಣ್ಣು. ಬರೀ ಕಣ್ಣು! ಕೆಳಗೆ ಬಾಯಿಲ್ಲ, ಮೈಯಿಲ್ಲ. ಅವು ಅತ್ತೆಯನ್ನು ನೋಡುತ್ತಿದ್ದವು, ಅತ್ತೆ ಅವುಗಳನ್ನು. ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಫಲಿತಾಂಶ ಬಂದದ್ದೇ ತಡ, ಕರೆಂಟು ಹೋಯಿತು.

“ಅತ್ತೇ, ನಾನು ಪಾಸು! ಫಸ್ಟ್ ಕ್ಲಾಸು!” ಎಂದು ಕುಣಿದೆ.

“ಅದ್ರ ಮೈ ಎಂತ ಬಣ್ಣ ಇರಬಹುದು ಕೂಸೇ?” ಎಂದಳು ಅತ್ತೆ, ಕಪ್ಪು ಪರದೆಯಿಂದ ಕಣ್ಣು ಕೀಳದೆ.

“ಅತ್ತೇ, ಫಸ್ಟ್ ಕ್ಲಾಸು!”

“ಕೇಳ್ತು ಕೂಸೇ. ಕರೆಂಟು ಬರ್ಲಿ. ಮೈ ನೋಡ್ದೆ ನಾನು ಇಲ್ಲಿಂದ ಏಳಲ್ಲ.”

ಏಳಲಿಲ್ಲ ಕೂಡ! ಕರೆಂಟು ಬಂದ ಮೇಲೆ ಸೆಂಟರಿನ ಹುಡುಗನಿಂದ ಅದೇ ಚಿತ್ರವನ್ನು ಮತ್ತೆ ತೆರೆಸಿದಳು. ಕೊನೆಗೂ ಮೈ ಬಂತು. ನೀಲಿ ಪಕ್ಕೆಗೆ ಹಳದಿ ಪಟ್ಟಿ, ಕಿತ್ತಳೆ ಬಣ್ಣದ ಪಾದ. ಮಧ್ಯ ಅಮೆರಿಕದ ಮರಗಪ್ಪೆ. ಅತ್ತೆ ನಿಟ್ಟುಸಿರು ಬಿಟ್ಟು, “ಅಂಚಿಗೆ ಪೈಪಿಂಗು ಎಷ್ಟು ನೀಟಾಗಿ ಕೂರಿಸಿದಾರೆ ನೋಡು” ಎಂದಳು.

ಅಲ್ಲಿಂದ ಶುರು. ವಾರಕ್ಕೊಮ್ಮೆ ನಾವಿಬ್ಬರೂ ಕಪ್ಪೆ ಹುಡುಕಲು ಹೋಗುತ್ತಿದ್ದೆವು. ಇಬ್ಬರದೂ ಕನ್ನಡ ಮೀಡಿಯಮ್ಮು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ನಾನು ಒಂದೊಂದೇ ಪದ ಬಿಡಿಸುತ್ತಿದ್ದೆ, ಅವಳು ಬಣ್ಣ ನೋಡುತ್ತಿದ್ದಳು. ಸುರಿನಾಮಿನ ನೀಲಿ ಕಪ್ಪೆ. ಮಡಗಾಸ್ಕರಿನ, ಥೇಟ್ ಟೊಮೆಟೊ ಹಣ್ಣಿನಂಥ ಕಪ್ಪೆ. ಕೋಸ್ಟರಿಕಾದ, ಕೆಂಪು ಮೈಗೆ ನೀಲಿ ಕಾಲಿನ ಕಪ್ಪೆ; ಯಾರೋ ಅದಕ್ಕೆ ಜೀನ್ಸ್ ಪ್ಯಾಂಟು ಹಾಕಿಸಿದ ಹಾಗಿತ್ತು! ಹೊಟ್ಟೆಯ ಚರ್ಮ ಗಾಜಿನಂತಿದ್ದು, ಒಳಗೆ ಮಿಡಿಯುವ ಹೃದಯ ಹೊರಗೇ ಕಾಣುವ ಕಪ್ಪೆಯೂ ಒಂದು ಸಿಕ್ಕಿತು. ಅದನ್ನು ನೋಡಿದ ದಿನ ಅತ್ತೆ, “ಪಾಪ, ಲೈನಿಂಗೇ ಇಲ್ಲ” ಎಂದು ಮರುಗಿದಳು.

ಕಲರ್ ಪ್ರಿಂಟುಗಳು ಅಂಗಡಿಯ ಗೋಡೆ ತುಂಬಿದವು. ಎದುರು ಗೋಡೆಗೆ ಉದ್ದದ ಕನ್ನಡಿಯಿತ್ತಲ್ಲ, ಅದರಲ್ಲಿ ಅಷ್ಟೂ ಕಣ್ಣುಗಳು ಮತ್ತೆ ಕಾಣುತ್ತಿದ್ದವು. ವೋಲ್ಟೇಜು ಇಳಿದು ಬಲ್ಬು ಮಂಕಾದಾಗ ಬಣ್ಣವೆಲ್ಲ ಕರಗಿ ಕಣ್ಣು ಮಾತ್ರ ಉಳಿಯುತ್ತಿದ್ದವು. ಮಿಷನ್ನು ನಿಂತ ತಕ್ಷಣ ಎಲ್ಲಿಂದಲೋ ‘ಟಿಕ್, ಟಿಕ್’ ಎಂಬ ಸದ್ದು. ಗಡಿಯಾರವೇ? ಆ ಅಂಗಡಿಯಲ್ಲಿ ಗಡಿಯಾರವೇ ಇರಲಿಲ್ಲ!

ಇನ್ನು ಅತ್ತೆ ಬಣ್ಣ ಆರಿಸುವ ಕ್ರಮ ಕೇಳಿ. ಊರಿಗೆಲ್ಲ ಮ್ಯಾಚಿಂಗಿನ ಹುಚ್ಚು. ಸೀರೆಯ ಅಂಚಿಗೆ ಒಂದು ಎಳೆ ಹೊಂದದಿದ್ದರೂ ನಮ್ಮ ಹೆಂಗಸರಿಗೆ ನಿದ್ದೆ ಬಾರದು. ಅತ್ತೆ ಸೀರೆಯನ್ನು ನೋಡುತ್ತಲೇ ಇರಲಿಲ್ಲ. ಹೆಂಗಸನ್ನು ನೋಡುತ್ತಿದ್ದಳು! ರೆಪ್ಪೆ ಅಲುಗಿಸದೆ ನೋಡಿ, ಗೋಡೆಯ ಕಡೆ ತಿರುಗಿ, ಒಂದು ಕಪ್ಪೆಯ ಮೇಲೆ ಬೆರಳಿಡುತ್ತಿದ್ದಳು. ಅಷ್ಟೇ, ತೀರ್ಮಾನ ಆಯಿತು.

ಒಮ್ಮೆ ಮುತ್ತಿನಕೊಪ್ಪದಿಂದ ಗಂಡ ಹೆಂಡತಿ ಬಂದರು. ಹೆಂಡತಿಯನ್ನು ಏನು ಕೇಳಿದರೂ ಉತ್ತರ ಗಂಡನದು. ಕತ್ತು ಎಷ್ಟು ಆಳ, ತೋಳು ಎಷ್ಟುದ್ದ, ಎಲ್ಲ ಅವನೇ ಹೇಳಿದ. “ಬೂದಿ ಬಣ್ಣ ಸಾಕು ಇವಳಿಗೆ” ಎಂದೂ ಸೇರಿಸಿದ. ಅತ್ತೆ ಆ ಹೆಂಗಸನ್ನು ಬಹಳ ಹೊತ್ತು ನೋಡಿ ಸುರಿನಾಮಿನ ವಿಷದ ನೀಲಿ ಕಪ್ಪೆಯ ಮೇಲೆ ಬೆರಳಿಟ್ಟಳು. ರವಿಕೆ ಹೋದ ಕೆಲವು ದಿನಕ್ಕೆ ಗಂಡ ಒಬ್ಬನೇ ಬಂದ. ಬೆವರುತ್ತಿದ್ದ.

“ಎಂತ ಮಾಡಿದ್ರಿ ಮಾರಾಯ್ತಿ ನೀವು? ಅವಳು ಆ ಬ್ಲೌಸು ಹಾಕ್ಕೊಂಡು ಎದುರಿಗೆ ಬಂದ್ರೆ ಕಾಫಿ ಕೇಳಕ್ಕೂ ಧೈರ್ಯ ಬರಲ್ಲ!”

“ಮತ್ತೆ ಕಾಫಿಗೆ ಎಂತ ಮಾಡಿದ್ರಿ?”

“ನಾನೇ ಮಾಡ್ಕೊಂಡೆ.”

“ಸಕ್ಕರೆ ಸರಿ ಬಿತ್ತಾ?” ಎಂದಳು ಅತ್ತೆ.

ಅವನು ಹೋದ ಮೇಲೆ ನಾನು ಕೇಳಿದೆ, “ಅಲ್ಲತ್ತೆ, ವಿಷದ ಕಪ್ಪೆ ಇಷ್ಟು ಚಂದ ಯಾಕಿರ್ಬೇಕು?”

“ಅದು ಚಂದಕ್ಕಲ್ಲ ಕೂಸೇ. ಬೋರ್ಡು ಅದು. ಮುಟ್ಟಿದ್ರೆ ಜೋಕೆ ಅಂತ ಮೈಮೇಲೇ ಬರ್ಕೊಂಡಿದೆ.”

ನಾನು ಹೊಸದಾಗಿ ಓದಿದ್ದನ್ನು ಹೇಳಿದೆ. ಈ ಕಪ್ಪೆಗಳಿಗೆ ವಿಷ ಬರುವುದು ಕಾಡಿನ ಹುಳಹುಪ್ಪಟೆ ತಿಂದು. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿಸಿ ಬೇರೆ ತಿಂಡಿ ಹಾಕಿ ಸಾಕಿದರೆ ಅದಕ್ಕೆ ವಿಷವೇ ಇರುವುದಿಲ್ಲ, ಬಣ್ಣ ಮಾತ್ರ ಹಾಗೇ ಇರುತ್ತದೆ. ಅತ್ತೆಯ ಕಾಲು ಪೆಡಲಿನ ಮೇಲೆ ನಿಂತಿತು.

“ವಿಷ ಇಲ್ಲ ಅಂತ ನೋಡುವವ್ರಿಗೆ ಗೊತ್ತಾಗ್ತದಾ?”

“ಹೇಗೆ ಗೊತ್ತಾಗ್ತದೆ? ಮುಟ್ಟಿ ನೋಡ್ಬೇಕು.”

“ಹಾಂ. ಯಾರು ಮುಟ್ಟಿ ನೋಡ್ತಾರೆ?” ಎಂದು ಮತ್ತೆ ಪೆಡಲು ತುಳಿದಳು.

ಇಷ್ಟೆಲ್ಲ ಆದ ಮೇಲೆ ಊರು ಸುಮ್ಮನಿರುತ್ತದೆಯೇ? ‘ಆ ಹೊಲಿಗೆಯಮ್ಮ ಕಪ್ಪೆ ಇಟ್ಟು ಮಾಟ ಮಾಡ್ತಾಳೆ’ ಎಂದು ಸುದ್ದಿ ಹಬ್ಬಿತು. ಗಂಡಸರು ಓಣಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು. ಹೆಂಗಸರು ಮಾತ್ರ ಜಾಸ್ತಿಯಾದರು! ಯಾಕಿರಬಹುದು, ನೀವೇ ಹೇಳಿ.

ಈ ನಡುವೆ ನಮ್ಮಕ್ಕನಿಗೆ ಗಂಡು ನಿಶ್ಚಯವಾಯಿತು. ಬಸರೀಕಟ್ಟೆ ಕಡೆಯವರು. ಹುಡುಗ ಒಳ್ಳೆಯವನೇ, ಅಕ್ಕನಿಗೂ ಇಷ್ಟ. ಆದರೆ ಹುಡುಗನ ಅಮ್ಮ, “ಮದುವೆ ಆದ್ಮೇಲೆ ಓದೆಲ್ಲ ಬೇಡ” ಎಂದು ಹೇಳಿ ಕಳಿಸಿದ್ದರು. ಅಕ್ಕ ಕೊಪ್ಪದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆ ಬರೆಯಬೇಕು, ಟೀಚರಾಗಬೇಕು ಎಂಬುದು ಅವಳ ಆಸೆ. ಆದರೆ ಹೇಳುವವರು ಯಾರು? ಬಸ್ಸಿನಲ್ಲಿ ತನ್ನ ಸ್ಟಾಪ್ ಬಂದರೂ “ನಿಲ್ಸಿ” ಎನ್ನಲು ನಾಚಿ ಮುಂದಿನ ಸ್ಟಾಪಿನಿಂದ ನಡೆದು ಬರುವ ಹುಡುಗಿ ಅವಳು! ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಅಪ್ಪ ಅಮ್ಮನಿಗೆ ಅದು ನಾಚಿಕೆಯಂತೆ ಕಂಡಿತು.

ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯಿಂದ ತಿಳಿಗುಲಾಬಿ ಸೀರೆ ಬಂತು. ಅಮ್ಮ ಅತ್ತೆಯ ಕೈಹಿಡಿದು ಬೇಡಿಕೊಂಡಳು.

“ಅತ್ತಿಗೇ, ನಿಮ್ಮ ದಮ್ಮಯ್ಯ. ಈ ಸಲ ಒಂದು ಮ್ಯಾಚಿಂಗ್ ಹೊಲೀರಿ. ಚುಕ್ಕಿ, ಪಟ್ಟೆ, ಎಂತದೂ ಬೇಡ.”

“ಆಯ್ತು. ಚುಕ್ಕಿ ಇಲ್ಲ, ಪಟ್ಟೆ ಇಲ್ಲ” ಎಂದಳು ಅತ್ತೆ. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅನುಮಾನ ಬಂತು.

ರವಿಕೆ ತರಲು ಹೋದದ್ದು ನಾನೇ. ಮಧ್ಯಾಹ್ನವೇ ಮೋಡ ಕವಿದು ಕತ್ತಲಾಗಿತ್ತು, ಕರೆಂಟಿರಲಿಲ್ಲ. ಅಂಗಡಿಯ ಬಾಗಿಲು ಓರೆಯಾಗಿತ್ತು. ಒಳಗೆ ಅತ್ತೆ ಇಲ್ಲ. ಮೂಲೆಯಲ್ಲಿ ತಲೆಯಿಲ್ಲದ ಬಟ್ಟೆಯ ಗೊಂಬೆ ನಿಂತಿತ್ತು. ಅದಕ್ಕೆ ಹೊಸ ರವಿಕೆ ತೊಡಿಸಿತ್ತು. ಹತ್ತಿರ ಹೋದೆ.

ರವಿಕೆ ಉಸಿರಾಡುತ್ತಿತ್ತು.

ಸುಳ್ಳಲ್ಲ! ಎದೆಯ ಎಡಭಾಗದಲ್ಲಿ ಬಟ್ಟೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಆ ಉಬ್ಬು ನಿಧಾನವಾಗಿ ಭುಜಕ್ಕೆ ಸರಿಯಿತು, ಕತ್ತಿಗೆ ಬಂತು. ಆಮೇಲೆ ತಲೆಯಿಲ್ಲದ ಗೊಂಬೆಗೆ ಒಂದು ತಲೆ ಬಂತು! ಕಂದು ತಲೆ, ಎರಡು ದೊಡ್ಡ ಕಣ್ಣು. ನಮ್ಮ ಮನೆಗಳಿಗೆ ಮಳೆಗಾಲದಲ್ಲಿ ನುಗ್ಗಿ ‘ಟಿಕ್, ಟಿಕ್’ ಎನ್ನುವ ಮಾಮೂಲಿ ಮರಗಪ್ಪೆ. ಆದರೆ ಆ ಕ್ಷಣದಲ್ಲಿ ಅದು ಮಾಮೂಲಿ ಎಂದು ಯಾರಿಗೆ ಹೊಳೆಯುತ್ತದೆ?

“ಹೆದರ್ಬೇಡ” ಎಂದಿತು ಕಿವಿಯ ಹಿಂದೆ ಒಂದು ದನಿ. ಅತ್ತೆ ಯಾವಾಗ ಬಂದಳೋ! “ಅದು ಟ್ರಯಲ್ ನೋಡ್ತಿದೆ.”

ಗೊಂಬೆಯಿಂದ ರವಿಕೆ ಬಿಚ್ಚಿ ಬಾಗಿಲ ಬೆಳಕಿಗೆ ತಂದಳು. ಮೈಗೂ ತೋಳಿಗೂ ಒಂದೇ ಬಣ್ಣ. ಹೊಳೆಯುವ ಹಳದಿ. ಚುಕ್ಕಿ ಇಲ್ಲ, ಪಟ್ಟೆ ಇಲ್ಲ. ನಾನು ಗೋಡೆಯ ಕಡೆ ನೋಡಿದೆ. ಕೊಲಂಬಿಯಾದ ಬಂಗಾರದ ಕಪ್ಪೆ! ಅಲ್ಲಿಯ ಬೇಟೆಗಾರರು ಬಾಣದ ತುದಿಯನ್ನು ಅದರ ಬೆನ್ನಿಗೆ ಉಜ್ಜುತ್ತಾರಂತೆ. ಆ ಗೋಡೆಯಲ್ಲಿದ್ದ ಅಷ್ಟೂ ಕಪ್ಪೆಗಳಲ್ಲಿ ಅದರಷ್ಟು ವಿಷದ್ದು ಮತ್ತೊಂದಿರಲಿಲ್ಲ.

“ಗುರುತು ಸಿಕ್ತಾ?” ಎಂದಳು ಅತ್ತೆ.

“ಅಮ್ಮ ಕೊಲ್ತಾಳೆ!”

“ನೋಡುವಾ.”

ಅಮ್ಮ ಪೊಟ್ಟಣ ಬಿಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡೆ. “ಅಯ್ಯೋ ಶಿವನೇ, ಅರಿಶಿನದ ಬಣ್ಣ!” ಅಮ್ಮನ ಕಣ್ಣಲ್ಲಿ ನೀರು. “ಎಷ್ಟು ಶುಭ! ಮ್ಯಾಚಿಂಗ್ ಆಗದಿದ್ರೂ ಅಡ್ಡಿಲ್ಲ. ಅತ್ತಿಗೆಗೆ ಕೊನೆಗೂ ಬುದ್ಧಿ ಬಂತು!”

ಹೀಗೆ ಜಗತ್ತಿನ ಅತಿ ಭಯಂಕರ ಕಪ್ಪೆ ನಮ್ಮ ದೇವರ ಮುಂದೆ, ಅರಿಶಿನ ಕುಂಕುಮದ ಪಕ್ಕದಲ್ಲಿ ಕೂತಿತು.

ನಿಶ್ಚಿತಾರ್ಥದ ಬೆಳಿಗ್ಗೆ ಜೀಪಿನಲ್ಲಿ ಬೀಗರು ಬಂದಿಳಿದರು. ಗಂಡನ ಮನೆ ಬಿಟ್ಟು ಬಂದವಳೆಂದು ಅತ್ತೆ ಶುಭಕಾರ್ಯದಲ್ಲಿ ಮುಂದೆ ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಅಕ್ಕ ನಮಸ್ಕಾರ ಮಾಡಲು ಹೋದಾಗ ಅವಳ ಕಿವಿಯಲ್ಲಿ ಏನೋ ಹೇಳಿದಳು. ಯಾವ ಕಪ್ಪೆ ಎಂದು ಹೇಳಿದ್ದಿರಬೇಕು. ಅಕ್ಕ ತನ್ನ ತೋಳನ್ನೇ ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ.

ಉಂಗುರ ಬದಲಾಯಿತು. ಹುಡುಗನ ಅಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತಾ, “ಕಾರ್ತಿಕದಲ್ಲೇ ಮದುವೆ ಮುಗಿಸುವಾ. ಕಾಲೇಜಿಗೆ ನಾಳೆಯೇ ಹೇಳಿ ಬಿಡಿಸಿಬಿಡಿ” ಎಂದರು. ಅಪ್ಪ ತಲೆಯಾಡಿಸಿದ. ಹುಡುಗನ ಅಮ್ಮ ಅಕ್ಕನ ರವಿಕೆಯ ತೋಳಿನ ಅಂಚು ಸರಿಪಡಿಸಲು ಕೈ ಚಾಚಿದರು.

ಅಕ್ಕ ತಲೆ ಎತ್ತಿದಳು. ಅವಳು ಹಾಗೆ ಯಾರನ್ನೂ ನೋಡಿದ್ದು ನಾನು ಕಂಡಿರಲಿಲ್ಲ. ರೆಪ್ಪೆ ಅಲುಗಲಿಲ್ಲ. ಚಾಚಿದ ಕೈ ಹಳದಿ ಬಟ್ಟೆಯ ಹತ್ತಿರ ಬಂದು, ಅಲ್ಲೇ ಗಾಳಿಯಲ್ಲಿ ನಿಂತಿತು. ಮುಟ್ಟಲಿಲ್ಲ.

“ನಾನು ಪರೀಕ್ಷೆ ಬರೀತೀನಿ. ಮದುವೆ ಆಮೇಲೆ” ಎಂದಳು ಅಕ್ಕ.

ಹುಡುಗನ ಅಮ್ಮ ಮಗನ ಮುಖ ನೋಡಿದರು. ಹುಡುಗನೇ ಗಂಟಲು ಸರಿಮಾಡಿಕೊಂಡು, “ಬೇಸಿಗೇಲಿ ಆದ್ರೂ ಆಗ್ತದಲ್ಲಮ್ಮ, ಎಂತ ಅವಸರ?” ಎಂದ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. “ಆಗ್ಲಿ ಮಾರಾಯ, ನಾನೆಂತ ಬೇಡ ಅಂದ್ನಾ?”

ಜೀಪು ಹೋದ ಮೇಲೆ ಅಕ್ಕ ಅಡುಗೆಮನೆಗೆ ಓಡಿ ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯದು. ಆಮೇಲೆ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳದ್ದನ್ನು ಕೇಳಿಬಿಟ್ಟಳು. “ಅತ್ತೆ, ನಿನ್ನ ನಿಶ್ಚಿತಾರ್ಥಕ್ಕೆ ಯಾವ ಬಣ್ಣ ಹಾಕಿದ್ದೆ?”

ಅತ್ತೆ ಈಳಿಗೆಮಣೆಯನ್ನು ಗೋಡೆಗೆ ಒರಗಿಸಿದಳು.

“ಹಸಿರು. ಎಲೆ ಹಸಿರು. ಎಲೆ ಮೇಲೆ ಎಲೆ ಬಣ್ಣದ ಕಪ್ಪೆ ಕೂತ್ರೆ ಯಾರಿಗೂ ಕಾಣಲ್ಲ ಕೂಸೇ. ಆ ಮನೇಲಿ ನಾನಿದ್ದೆ ಅಂತ ಯಾರಿಗೂ ಕಾಣ್ಲೇ ಇಲ್ಲ. ತುಳಿದ್ರು. ಬೇಕಂತ ಅಲ್ಲ. ಕಾಣ್ಲಿಲ್ಲ, ಅಷ್ಟೇ.”

ಅಕ್ಕ ಅವಳ ಒದ್ದೆ ಕೈಯನ್ನು ತನ್ನ ಹಳದಿ ತೋಳಿನ ಮೇಲೆ ಇಟ್ಟುಕೊಂಡಳು. ತುಂಬಾ ಹೊತ್ತು ತೆಗೆಯಲು ಬಿಡಲಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಯಾರಿಗೂ ಕಾಣದಂತೆ ಕೂತವರು ಒಬ್ಬರಿದ್ದರೆ, ಅವರಿಗೆ ಯಾವ ಬಣ್ಣ ಇಷ್ಟವೆಂದು ಒಮ್ಮೆ ಕೇಳಿ ನೋಡಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.