ಕುಂಕುಮದ ಕೆಳಗಿನ ಕರ್ನಲ್

ಕೆಲವರು ಕೆಲಸ ಮುಗಿದ ಮೇಲೆ ಹೇಳುತ್ತಾರೆ. ನಾನು ಮೊದಲು ಹೇಳಿ, ಆಮೇಲೆ ಕೆಲಸ ಹುಡುಕುವವನು. ಚಿಕ್ಕೋಡಿಯಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ಹುಮ್ಮಸ್ಸಿನಲ್ಲಿ ಅಥಣಿಯ ಮಾವನವರಿಗೆ ಮಾತು ಕೊಟ್ಟುಬಿಟ್ಟಿದ್ದೆ: ನೆಲ ಒಣಗಿದಾಗಷ್ಟೇ ದ್ರಾಕ್ಷಿ ತೋಟದ ಮೋಟರು ತಾನಾಗಿ ಶುರುವಾಗುವಂತೆ ಮಾಡಿಕೊಡುತ್ತೇನೆ ಎಂದು. ಹಿಂದೊಮ್ಮೆ ಅವರ ಮಿಕ್ಸರು ರಿಪೇರಿ ಮಾಡಿ ಗುಜರಿಗೆ ಕಳಿಸಿದ ಅಳಿಯ ನಾನು. ದಸರೆಗೆ ಬನ್ನಿ ಎಲೆ ಕೊಡಲು ಬಂದಾಗ ನೋಡುತ್ತೇನೆ, ಅದೂ ಆಗದಿದ್ದರೆ ಇನ್ನು ತೋಟದ ಕಡೆ ತಲೆ ಹಾಕಬೇಡಿ ಎಂದು ಅವರು ನಗುತ್ತಲೇ ಹೇಳಿದ್ದರು. ನನಗೋ ಆ ತೋಟವೆಂದರೆ ಪ್ರಾಣ.

ಅಂಗೈಯಗಲದ ಬೋರ್ಡೊಂದು ದಸರೆಗೆ ಮುಂಚೆಯೇ ಬಂತು. ಅದರಲ್ಲಿ ಕರ್ನಲ್ ಎಂಬ ತಂತ್ರಾಂಶ ಎದ್ದು ಕುಳಿತರೆ ಮಾತ್ರ ಮಿಕ್ಕ ಕೆಲಸ. ಆದರೆ ನಮ್ಮವ್ವ ಬಿಡಬೇಕಲ್ಲ! ಖಂಡೇಪೂಜೆ ಆಗುವವರೆಗೆ ಹೊಸ ಯಂತ್ರಕ್ಕೆ ಕರೆಂಟು ಕೊಡಕೂಡದಂತೆ. ಪೂಜೆಯ ದಿನ ಕುಡಗೋಲು, ಸೈಕಲ್ಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಬೋರ್ಡೂ ಕುಳಿತಿತು. ಕುಂಕುಮ ಲೋಹದ ಕಾಲುಗಳಿಗೆ ತಾಗಿದರೆ ಕೆಡುಕೆಂದು ನಾನೇ ಮುಂದಾಗಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಗುಬುಟೊಂದನ್ನು ಆರಿಸಿ, ಅದರ ಮೇಲೆ ದಪ್ಪಗೆ ಮೆತ್ತಿದೆ. ಅವ್ವ ಮೆಚ್ಚಿದಳು.

ಕುಂಕುಮ ಆರಿದ ಮೇಲೆ ಕರೆಂಟು ಕೊಟ್ಟೆ. ಲ್ಯಾಪ್‌ಟಾಪ್ ಪರದೆಯ ಮೇಲೆ 'ಕರ್ನಲ್ ಶುರುವಾಗುತ್ತಿದೆ' ಎಂಬರ್ಥದ ಸಾಲು ಮೂಡಿತು. ಅಷ್ಟೇ. ಮುಂದೆ ಮೌನ. ಕರ್ನಲ್ಲನ್ನು ಬಿಚ್ಚಿ ಕಟ್ಟಿದೆ, ವೈರು ಬದಲಿಸಿದೆ, ಹೋಳಿಗೆ ತಿಂದೆ, ಮತ್ತೆ ಕಟ್ಟಿದೆ. ಅದೇ ಸಾಲು, ಅದೇ ಮೌನ. ಬೇಸತ್ತು ಕರೆಂಟನ್ನೂ ತೆಗೆಯದೆ ಮಲಗಿದೆ.

ಮರುದಿನ ಮಾವನವರು ಬಂದೇಬಿಟ್ಟರು. ಬನ್ನಿ ಕೊಟ್ಟು, ನೀರು ಕುಡಿದು, ಕುರ್ಚಿ ಎಳೆದುಕೊಂಡು ಬೋರ್ಡಿನ ಮುಂದೆ ಕುಳಿತರು. ಸತ್ತ ಯಂತ್ರವನ್ನು ಅಪ್ಪನ ಮುಂದೆ ಹಾಗೇ ಇಡುವುದು ಹೇಗೆಂದು ನನ್ನ ಹೆಂಡತಿ ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು.

"ರೀ, ಇದ್ಯಾಕ ಕಣ್ಣ ಮಿಟಕಸಾಕತ್ತೈತಿ?"

ಕರ್ನಲ್ ಎದ್ದಿದೆ ಎಂದು ತಿಳಿಸುವ ದೀಪ ಅದು! ಮೊದಲು ದೀಪ ನೋಡಿ ಎಂದು ಹುಡುಗರಿಗೆ ಬಡಕೊಳ್ಳುವವನೂ ನಾನೇ. ಬೋರ್ಡಿಗೆ ಮಾತಾಡಲು ಎರಡು ಕಿಂಡಿಗಳಿದ್ದವು. ನಾನು ವೈರು ಸಿಕ್ಕಿಸಿದ್ದು, ಕರ್ನಲ್ಲನ್ನು ಎಬ್ಬಿಸುವ ಪುಟ್ಟ ತಂತ್ರಾಂಶ ಆ ಒಂದೇ ಸಾಲು ಹೇಳಿ ಸುಮ್ಮನಾಗುವ ಕಿಂಡಿಗೆ, ಕರ್ನಲ್ಲಿಗೆ ಮಾತಾಡೆಂದು ಅಪ್ಪಣೆ ಕೊಟ್ಟಿದ್ದು ಇನ್ನೊಂದರಲ್ಲಿ. ವೈರನ್ನು ಆ ಕಿಂಡಿಗೆ ಹಾಕಿ ಮತ್ತೆ ಶುರು ಮಾಡಿದೆ. ಪರದೆ ತುಂಬ ಸಾಲು ಸಾಲು ಸುರಿಯಿತು. ನನಗಾದ ಸಂತೋಷಕ್ಕೆ ಅವ್ವನ ಕಾಲಿಗೂ, ಅವಸರದಲ್ಲಿ ಹೆಂಡತಿಯ ಕಾಲಿಗೂ ಬಿದ್ದೆ.

ಮಾವನವರು ಬೋರ್ಡಿನ ಮುಂದೆ ನಾಲ್ಕು ಬನ್ನಿ ಎಲೆ ಇಟ್ಟರು. "ಅಳ್ಯಾರ, ಮುಂದಿನ ವಾರ ಇದನ್ನ ತಗೊಂಡ ತೋಟಕ್ಕ ಬರ್ರಿ."

ಒಳಗಿನಿಂದ ಹೆಂಡತಿ ಹೇಳಿದಳು: "ಶಾಣ್ಯಾ ಐತಪ್ಪಾ ಅದು. ನಿನ್ನೆಯಿಂದ ಸುಮ್ಮನ ಕೆಲಸಾ ಮಾಡೇತಿ, ಯಾರ ಮುಂದೂ ಹೇಳಕೋತ ಅಡ್ಡಾಡಿಲ್ಲ."

ಎಲ್ಲರೂ ನಕ್ಕರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಮೋಟರು ಆಗಲೇ ತಾನಾಗಿ ಓಡುತ್ತಿದೆ ಎಂದು ಏಕಸಂಬಿಯ ಗೆಳೆಯನಿಗೆ ನಾನು ಫೋನಿನಲ್ಲಿ ಹೇಳುತ್ತಿದ್ದೆ.