ರೇಸ್ ಕಾರಿನಲ್ಲಿ ಹುರುಳಿ ತುಳಿಸಿದ್ದು

ಆಗ ನನಗೆ ಅರವತ್ತೊಂಬತ್ತು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ಇಷ್ಟು ವರ್ಷ ಬದುಕಿದವಳಿಗೆ ಹುರುಳಿಯನ್ನು ಎಲ್ಲಿ ಹರವಬೇಕು ಎಂದು ಗೊತ್ತಿರುತ್ತದೆ ಎಂದು ಊರಿನವರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ನಮ್ಮದು ಸೂಲಿಬೆಲೆ ದಾಟಿ ಹೋದರೆ ಸಿಗುವ ಊರು. ಊರಾಚೆ ನಮ್ಮ ಎರಡೆಕರೆ ಬೀಳು ಭೂಮಿ ಇದೆ. ಹೊಸಕೋಟೆಯಲ್ಲಿ ಕಾರು ರಿಪೇರಿ ಶೆಡ್ಡು ಇಟ್ಟಿರುವ ಪ್ರಸಾದ್ ಎಂಬವನು ಅದನ್ನು ಗುತ್ತಿಗೆಗೆ ಪಡೆದು, ಕಡಲೆಕಾಯಿ ಆಕಾರದ ಒಂದು ಮಣ್ಣಿನ ದಾರಿ ಮಾಡಿಸಿ, ತಿಂಗಳಿಗೊಮ್ಮೆ ಕಾರು ರೇಸು ನಡೆಸುತ್ತಿದ್ದ. ನೆಲಕ್ಕೆ ಗೊಬ್ಬರ ಹಾಕಿದರೂ ಏನೂ ಬೆಳೆಯುತ್ತಿರಲಿಲ್ಲ. ಕಾರು ಓಡಿಸಿದ ಮೇಲೆ ಜನ ಬೆಳೆದರು!

ಅವರಲ್ಲಿ ಮೂರು ಜನ ನಮ್ಮ ಮನೆಯ ಜಗಲಿಯ ಮೇಲೇ ಬೇರು ಬಿಟ್ಟರು. ಒಬ್ಬಳು ನನ್ನ ಮೊಮ್ಮಗಳು ಪವಿತ್ರ. ಮಗನ ಮಗಳು. ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾಳೆ. ರಜೆ ಇದ್ದ ದಿನ ಒಂದು ಹಳೇ ಕಾರಿನ ಕೆಳಗೆ ಮಲಗಿರುತ್ತಾಳೆ. ಎರಡನೆಯವನು ಮೆಕ್ಯಾನಿಕ್ ಇಲಿಯಾಸ್. ಅವನು ಅದೇ ಕಾರಿನ ಇನ್ನೊಂದು ಬದಿಯ ಕೆಳಗೆ ಮಲಗಿರುತ್ತಾನೆ. ಮೂರನೆಯವರು ನಮ್ಮ ಯಜಮಾನರ ಚಿಕ್ಕಪ್ಪನ ಮಗ ನಾರಾಯಣಪ್ಪ. ಬಸ್ಸಿನ ಡ್ರೈವರಾಗಿ ನಿವೃತ್ತಿಯಾದವರು. ಅವರು ಯಾವ ಕಾರಿನ ಕೆಳಗೂ ಮಲಗುವುದಿಲ್ಲ. ಕುರ್ಚಿಯ ಮೇಲೆ ಕುಳಿತು ತೀರ್ಪು ಕೊಡುತ್ತಾರೆ.

"ಗಾಡಿ ಅಂದ್ರೆ ಹಿಂದಿನ ಚಕ್ರ ತಳ್ಳಬೇಕು. ಮುಂದಿನ ಚಕ್ರ ಎಳೆಯೋದೂ ಒಂದು ಗಾಡಿಯೇನ್ಲಾ?" ಎಂದು ನಾರಾಯಣಪ್ಪ ಶುರು ಮಾಡುತ್ತಿದ್ದರು.

"ಅಪ್ಪಾಜೀ, ನಿಮ್ದು ಬಸ್ಸು. ನಲವತ್ತು ಜನ, ಮೇಲೆ ಎರಡು ಮೂಟೆ ಸೊಪ್ಪು. ಇದು ರೇಸು," ಎಂದು ಇಲಿಯಾಸ್ ಕಾರಿನ ಕೆಳಗಿನಿಂದಲೇ ಕೂಗುತ್ತಿದ್ದ.

"ಈಗ ಕರೆಂಟ್ ಕಾರು ಬಂದೈತಂತೆ. ಸದ್ದೇ ಇಲ್ವಂತೆ. ಅದನ್ನೂ ರೇಸಿಗೆ ಬಿಡ್ತಾರಂತೆ. ಥೂ! ಮೂಗನಿಂದ ಹರಿಕಥೆ ಮಾಡಿಸ್ದಂಗೆ!"

"ಚಿಕ್ಕಜ್ಜ, ಆ ಕಾರು ಎದ್ರೆ ನಿಮ್ಮ ಕಣ್ಣಿಗೇ ಕಾಣಿಸಲ್ಲ. ಸದ್ದು ಮಾಡೋದು ಟ್ರ್ಯಾಕ್ಟರ್ರೂ ಮಾಡ್ತೈತೆ," ಎಂದು ಪವಿತ್ರ.

ಟಿವಿಯಲ್ಲಿ ಹೊರದೇಶದ ರೇಸು ಬಂದರೆ ಈ ಮೂವರೂ ಅನ್ನ ನೀರು ಬಿಟ್ಟು ಕೂರುತ್ತಿದ್ದರು. ನಾನೂ ನೋಡಿದ್ದೇನೆ. ಆ ಕಾರುಗಳು ನೋಡಲು ಮಗುಚಿ ಬಿದ್ದ ಜಿರಲೆಯಂತೆ ಇರುತ್ತವೆ. ಮೂರು ಎಣಿಸುವಷ್ಟರಲ್ಲಿ ನಾಲ್ಕೂ ಚಕ್ರ ಬಿಚ್ಚಿ ಬೇರೆ ಹಾಕುತ್ತಾರೆ. ನಮ್ಮೂರಲ್ಲಿ ಸೈಕಲ್ಲಿಗೆ ಪಂಚರ್ ಹಾಕಲು ತಿಂಡಿ ಹೊತ್ತಿನಿಂದ ಊಟದ ಹೊತ್ತಿನವರೆಗೆ ಬೇಕು. ಒಂದು ದಿನ ನನ್ನ ಅಭಿಪ್ರಾಯವನ್ನೂ ಹೇಳಿದೆ:

"ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರೋದಾದ್ರೆ ಹೊರಟಿದ್ದು ಯಾಕೆ?"

ಮೂವರೂ ನನ್ನ ಮುಖ ನೋಡಿದರು. ಇಷ್ಟು ವರ್ಷದಿಂದ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲವೆಂದು ಕಾಣುತ್ತದೆ.

ಆದರೆ ಪವಿತ್ರಳಿಗೆ ರೇಸು ತಮಾಷೆಯಾಗಿರಲಿಲ್ಲ. ಪ್ರಸಾದನ ಹತ್ತಿರ ಒಂದು ಟೀಮಿತ್ತು. ವರ್ಷದ ಕೊನೆಯ ರೇಸಿನಲ್ಲಿ ಮೊದಲ ಮೂರು ಸ್ಥಾನದಲ್ಲಿ ಬಂದವರಿಗೆ ಮುಂದಿನ ವರ್ಷ ಟೀಮಿನ ಕಾರು ಓಡಿಸಲು ಕೊಡುವುದು ಅವನ ಪದ್ಧತಿ. ಒಂದು ವರ್ಷ ಇವಳ ಕಾರಿನ ಇಂಜಿನ್ನು ಹೊಗೆಯಾಯಿತು. ಮರುವರ್ಷ ಗೇರ್‌ಬಾಕ್ಸು ಕೈಕೊಟ್ಟಿತು. ಇದು ಮೂರನೆಯ ಸಲ.

"ಈ ಸಲ ಮೂರರೊಳಗೆ ಬರ್ಲಿಲ್ಲ ಅಂದ್ರೆ ಕಾರು ಮಾರ್ಬಿಡ್ತೀನಿ ಅಜ್ಜಿ. ಸುಮ್ನೆ ಕ್ಯಾಬ್ ಓಡಿಸ್ಕೊಂಡಿರ್ತೀನಿ," ಎಂದಳು ರೇಸಿನ ಹಿಂದಿನ ದಿನ, ರೊಟ್ಟಿ ಮುರಿಯುತ್ತಾ. ಅವಳು ಬೆದರಿಕೆ ಹಾಕುವವಳಲ್ಲ. ಮಾರುತ್ತೇನೆ ಎಂದರೆ ಮಾರುತ್ತಾಳೆ. ರೊಟ್ಟಿಯನ್ನು ತಿನ್ನದೆ ಬರೀ ಮುರಿಯುತ್ತಲೇ ಇದ್ದಳು.

"ಗೆಲ್ಲೋಕೆ ಏನ್ ಬೇಕು?" ಎಂದೆ.

"ನೇರ ದಾರೀಲಿ ಯಾರ್ ಬೇಕಾದ್ರೂ ಓಡಿಸ್ತಾರೆ. ರೇಸು ಗೆಲ್ಲೋದು ತಿರುವಲ್ಲಿ. ಅಲ್ಲಿ ಟೈರಿಗೆ ಹಿಡಿತ ಸಿಗ್ಬೇಕು. ಅಷ್ಟೇ."

ಅಷ್ಟೇ! ಇಷ್ಟು ಸಣ್ಣ ವಿಷಯಕ್ಕೆ ಎರಡು ವರ್ಷ ಒದ್ದಾಡಿದ್ದಳೇ ಎಂದು ಆಶ್ಚರ್ಯವಾಯಿತು. ಕೆಸರಲ್ಲಿ ಟ್ರ್ಯಾಕ್ಟರ್ ಹೂತುಕೊಂಡರೆ ಚಕ್ರದ ಕೆಳಗೆ ಏನು ಹಾಕುತ್ತೇವೆ? ಹುಲ್ಲು ಹಾಕುತ್ತೇವೆ. ಹಿಡಿತ ಸಿಗುತ್ತದೆ, ಮೇಲೆ ಬರುತ್ತದೆ.

ಇನ್ನೊಂದು ವಿಷಯವೂ ಇತ್ತು. ಬೀಳಿಗೆ ಅಂಟಿದ ಹೊಲದಲ್ಲಿ ಬೆಳೆದ ಆ ವರ್ಷದ ನನ್ನ ಹುರುಳಿ ಕಿತ್ತು, ಒಣಗಿ, ರೇಸಿನ ದಾರಿಯ ಪಕ್ಕದಲ್ಲೇ ಮೆದೆಯಾಗಿ ಕುಳಿತಿತ್ತು. ನಮ್ಮ ಕಡೆ ಈಗ ಯಾರೂ ಕಣ ಮಾಡಿ ಎತ್ತು ಕಟ್ಟುವುದಿಲ್ಲ. ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಯ ಮೇಲೆ ಹರವುತ್ತೇವೆ. ಹೋಗಿ ಬರುವ ಬಸ್ಸು ಲಾರಿಗಳು ಪುಕ್ಕಟೆ ತುಳಿದು ಕೊಡುತ್ತವೆ. ಆ ವರ್ಷ ಒಬ್ಬ ಬೈಕಿನವನು ಯಾರದೋ ಹುರುಳಿಯ ಮೇಲೆ ಜಾರಿ ಬಿದ್ದು, ಪಂಚಾಯಿತಿಯವರು ರಸ್ತೆಯ ಮೇಲೆ ಏನೂ ಹರವಬಾರದೆಂದು ಡಂಗುರ ಹೊಡೆಸಿದ್ದರು. ಬೈಕಿನವನು ಯಾಕೆ ಜಾರಿದ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ನಾನು ಯೋಚಿಸಿದ್ದು ಬೇರೆ. ಹನ್ನೊಂದು ಕಾರು. ಒಂದೊಂದೂ ಹದಿನೈದು ಸುತ್ತು. ನಾಲ್ಕು ನಾಲ್ಕು ಚಕ್ರ. ಇಂಥ ಕಣ ಯಾವ ರಾಜನಿಗೆ ಸಿಕ್ಕೀತು?

ರೇಸಿನ ದಿನ ಬೆಳಿಗ್ಗೆ ಸಣ್ಣಪುಟ್ಟ ಓಟಗಳು ಮುಗಿದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಶಾಮಿಯಾನದ ಕಡೆ ಹೋದರು. ಊಟವಾದ ಮೇಲೆ ದೊಡ್ಡ ರೇಸು. ಆಗ ನಾರಾಯಣಪ್ಪನವರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ. ಅವರು ಗಲ್ಲ ಕೆರೆದುಕೊಂಡು ಆಲೋಚಿಸಿದರು.

"ನನ್ನ ಸರ್ವೀಸಲ್ಲಿ ನನ್ನ ಬಸ್ಸು ಎಷ್ಟು ಹುರುಳಿ ತುಳಿದೈತೆ ಅತ್ಗೆ! ಒಂದಿನ ಜಾರಿಲ್ಲ."

"ಪ್ರಸಾದನ್ನ ಒಂದು ಮಾತು ಕೇಳ್ಬೇಕಾ?"

"ನೆಲ ನಿಮ್ದು. ಹುರುಳಿ ನಿಮ್ದು. ಮೊಮ್ಮಗಳು ನಿಮ್ಮೋಳು. ಅವನದೇನೈತೆ?"

ತಜ್ಞರ ಒಪ್ಪಿಗೆಯೂ ದೊರೆಯಿತು. ಇಬ್ಬರೂ ಸೇರಿ ಮಂಕರಿಯಲ್ಲಿ ಹೊತ್ತು ಹೊತ್ತು ಮೆದೆಯ ಪಕ್ಕದ ದೊಡ್ಡ ತಿರುವಿಗೆ ಹುರುಳಿ ಹರವಿದೆವು. ಎಲ್ಲೆಂದರಲ್ಲಿ ಚೆಲ್ಲಲಿಲ್ಲ. ಒಂದು ಗೇಣು ದಪ್ಪ, ಅಂಚು ನೇರ, ಒಂದೇ ಸಮ. ತಿರುವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಗಾಡಿ ಜೋರಾಗಿ ಹೋದರೆ ಕಾಳು ಸಿಡಿದು ಪೋಲಾಗುತ್ತದೆ. ತಿರುವಲ್ಲಿ ನಿಧಾನ ಮಾಡುತ್ತಾರೆ, ಕಾಳು ಅಲ್ಲೇ ಉಳಿಯುತ್ತದೆ. ನಾನು ಅಷ್ಟು ತಿಳಿಯದವಳಲ್ಲ!

ಪ್ರಸಾದ್ ಆ ತುದಿಯಲ್ಲಿ ಬಾವುಟ ಬೀಸಿದ. ಹನ್ನೊಂದು ಕಾರೂ ಒಟ್ಟಿಗೆ ಕಿರುಚಿದವು. ಕೆಂಪು ಧೂಳು ಎದ್ದಿತು. ಧೂಳಿನೊಳಗಿಂದ ಎಲ್ಲರಿಗಿಂತ ಮುಂದೆ ಒಂದು ಹಳದಿ ಕಾರು ಹೊರಬಂತು.

"ಅತ್ಗೇ! ನಮ್ಮುಡ್ಗಿ! ಫಸ್ಟು!" ಎಂದು ನಾರಾಯಣಪ್ಪ ಕುಣಿದರು.

ನಾನೂ ಕುಣಿದೆ. ಎಲ್ಲರಿಗಿಂತ ಮುಂದಿದ್ದವಳು ಹುರುಳಿಗೂ ಎಲ್ಲರಿಗಿಂತ ಮುಂಚೆ ಸಿಗುತ್ತಾಳೆ ಎಂದು ಹೊಳೆಯಲು ನನಗೆ ಇನ್ನೂ ಎರಡು ಗಳಿಗೆ ಬೇಕಾಗಿತ್ತು.

ಒಣಗಿದ ಹುರುಳಿಕಾಯಿಯ ಮೇಲೆ ನಿಧಾನಕ್ಕೆ ಹೋಗುವ ಬಸ್ಸು ಜಾರುವುದಿಲ್ಲ, ನಿಜ. ಈ ಕಾರು ಬಸ್ಸಾಗಿರಲಿಲ್ಲ. ಹಿಡಿತ ಸಿಗುವ ಮಾತು ಹಾಗಿರಲಿ, ಇದ್ದ ಹಿಡಿತವೂ ಹೋಯಿತು. ಕಾರು ಮೊದಲು ಅಡ್ಡ ತಿರುಗಿತು, ಆಮೇಲೆ ಹಿಂದೆ ತಿರುಗಿತು, ಆಮೇಲೆ ಮತ್ತೆ ಮುಂದೆ ತಿರುಗಿತು. ಬುಗುರಿಯಂತೆ ಮೂರು ಸುತ್ತು ಸುತ್ತಿ, ನೇರವಾಗಿ ಹೋಗಿ ಉಳಿದ ಮೆದೆಯೊಳಗೆ ಹೊಕ್ಕು ಕಾಣದಂತಾಯಿತು. ಹಿಂದೆ ಬಂದ ಎರಡು ಕಾರೂ ಜಾರಿ, ಒಂದು ಪಕ್ಕದ ಟೈರಿನ ಸಾಲಿಗೆ ಗುದ್ದಿತು, ಇನ್ನೊಂದು ನಮ್ಮ ಹೊಲದ ಕಡೆಗೇ ಹೊರಟುಹೋಯಿತು. ಪ್ರಸಾದ್ ಕೆಂಪು ಬಾವುಟ ಎತ್ತಿದ. ಎಲ್ಲ ನಿಂತವು.

ನಾನು ಮೆದೆಯ ಕಡೆ ಓಡಿದೆ. ಅರವತ್ತೊಂಬತ್ತರಲ್ಲಿ ಓಡಿದ್ದು ಓಟದಂತೆ ಕಾಣುವುದಿಲ್ಲ, ಆದರೂ ಓಡಿದೆ. ಪವಿತ್ರ ಬಾಗಿಲು ಒದ್ದು ಹೊರಗೆ ಬಂದಳು. ಕೈಕಾಲು ನೆಟ್ಟಗಿದ್ದವು. ಹೆಲ್ಮೆಟ್ಟಿನ ಮೇಲೆ ಒಂದು ಹೊರೆ ಹುರುಳಿಬಳ್ಳಿ.

"ಅಜ್ಜಿ, ಹೊಗೆ! ಹೊಗೆ ಬರ್ತೈತೆ!" ಎಂದು ಕೂಗಿದಳು.

ಬಿಸಿ ಸೈಲೆನ್ಸರಿಗೆ ಒಣಹುಲ್ಲು ತಗುಲಿ ಹೊಗೆಯಾಡುತ್ತಿತ್ತು. ಹುಲ್ಲಿಗೆ ಬೆಂಕಿ ಹಿಡಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಲಿಯ ಹತ್ತಿರ ನಮ್ಮ ಎಮ್ಮೆಗೆ ಇಟ್ಟಿದ್ದ ಕಲಗಚ್ಚಿನ ಬಕೆಟ್ಟಿತ್ತು. ಅನ್ನದ ಗಂಜಿ, ಹಿಂಡಿ, ತರಕಾರಿ ಸಿಪ್ಪೆ, ಎಲ್ಲ ಇತ್ತು. ಇಲಿಯಾಸ್ ಆಗ ತಾನೇ ಓಡಿ ಬಂದು ಬಾನೆಟ್ ಎತ್ತಿದ್ದ. ಒಳ್ಳೆಯದೇ ಆಯಿತೆಂದು ಪೂರ್ತಿ ಬಕೆಟ್ಟನ್ನು ಅದರೊಳಗೆ ಸುರಿದೆ.

"ಅಜ್ಜೀ! ಅದು ಎಮ್ಮೆ ಅಲ್ಲ, ಇಂಜಿನ್ನು!" ಎಂದು ಇಲಿಯಾಸ್ ತಲೆ ಮೇಲೆ ಕೈ ಹೊತ್ತ.

ಹೊಗೆ ನಿಂತಿತು. ಇಂಜಿನ್ನೂ ನಿಂತಿತು.

ಪ್ರಸಾದ್ ಬಂದ. ನೆಲ ನೋಡಿದ. "ಯಾರ್ರೀ ಇಲ್ಲಿ ಹುಲ್ಲು ಹಾಕಿದ್ದು?"

"ಹುಲ್ಲಲ್ಲ ಕಣಪ್ಪ. ಹುರುಳಿ," ಎಂದೆ. ಸತ್ಯ ಹೇಳುವುದಕ್ಕೆ ಹೆದರಿಕೆ ಏನು?

ಅವನು ಜೇಬಿನಿಂದ ನಿಯಮದ ಪುಸ್ತಕ ತೆಗೆದು ನಿಂತಲ್ಲೇ ಏನೋ ಬರೆದ. ನಾರಾಯಣಪ್ಪ ಇಣುಕಿ ನೋಡಿ ನನಗೆ ಓದಿ ಹೇಳಿದರು: "ಟ್ರ್ಯಾಕಿನ ಮೇಲೆ ಹುರುಳಿ, ರಾಗಿ, ಜೋಳ ಇತ್ಯಾದಿ ಯಾವುದೇ ಬೆಳೆಯನ್ನು ಹರವತಕ್ಕದ್ದಲ್ಲ."

"ಎಳ್ಳು?" ಎಂದೆ.

"ಇತ್ಯಾದೀಲಿ ಬರ್ತದೆ ಅತ್ಗೆ. ಸುಮ್ನಿರಿ."

ಅರ್ಧ ಗಂಟೆ ಬಿಟ್ಟು ರೇಸನ್ನು ಮೊದಲಿನಿಂದ ನಡೆಸುವುದಾಗಿ ಪ್ರಸಾದ್ ಸಾರಿದ. ಅಷ್ಟರೊಳಗೆ ಹೊರಡಲು ಆದವರು ಬರಬಹುದು. ಪವಿತ್ರಳ ಕಾರಿನ ಮುಂದಿನ ಚಕ್ರದ ಒಳಗೆಲ್ಲ ಹುರುಳಿಬಳ್ಳಿ ಹಗ್ಗದಂತೆ ಹೊಸೆದುಕೊಂಡಿತ್ತು. ಇಲಿಯಾಸ್ ಇಕ್ಕಳದಿಂದ ಎಳೆದ. ಎಳೆದಷ್ಟೂ ಬಿಗಿಯಾಯಿತು. ಪವಿತ್ರ ಬರಿಗೈಯಲ್ಲಿ ಕಿತ್ತಳು. ಬೆರಳು ಕುಯ್ದುಕೊಂಡಳು. ಅವಳು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು, ನನ್ನನ್ನು ಮಾತ್ರ ನೋಡುತ್ತಿರಲಿಲ್ಲ.

"ಆಚೆ ಸರೀರಿ," ಎಂದು ಕುಡುಗೋಲು ತೆಗೆದುಕೊಂಡು ನಾನೇ ಕಾರಿನ ಕೆಳಗೆ ಮಲಗಿದೆ. ಬಳ್ಳಿ ಸುತ್ತಿಕೊಂಡರೆ ಎಳೆಯಬಾರದು, ಸುತ್ತಿದ್ದಕ್ಕೆ ಅಡ್ಡವಾಗಿ ಕೊಯ್ಯಬೇಕು. ಕಬ್ಬಿಣದ ಮೇಲೆ ಕುಡುಗೋಲು ಆಡಿಸುತ್ತಾ ಸರಸರ ಕೊಯ್ದೆ. ಕಟ್ಟು ಕಟ್ಟಾಗಿ ಉದುರಿತು. ಒಂದು ಬಳ್ಳಿ ಮಾತ್ರ ಕಪ್ಪಗೆ, ದಪ್ಪಗೆ, ಬಲು ಗಟ್ಟಿಯಾಗಿತ್ತು. ಬಿಡಲಿಲ್ಲ. ಅದನ್ನೂ ಕೊಯ್ದೆ.

ಇಲಿಯಾಸ್ ಅದರ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ. "ಈ ವೈರು ಸ್ಪೀಡಿನ ಮೀಟರ್‌ದು."

ನಾನು ಕುಡುಗೋಲು ಕೆಳಗಿಟ್ಟೆ. ಆಮೇಲೆ ಆ ಹುಡುಗನೇ ಹೇಳಿದ, "ಹೋಗ್ಲಿ ಬಿಡಿ ಅಜ್ಜಿ. ರೇಸಲ್ಲಿ ಮೀಟರ್ ಯಾರು ನೋಡ್ತಾರೆ?" ಅವನ ಹೊಟ್ಟೆ ತಣ್ಣಗಿರಲಿ.

ಇಂಜಿನ್ನಿನಿಂದ ಕ್ಯಾರೆಟ್ ಸಿಪ್ಪೆ ಆರಿಸಿ, ಒರೆಸಿ, ಒಣಗಿಸಿ, ಕೊನೆಗೂ ಶುರು ಮಾಡಿದರು. ಅದು ಕೆಮ್ಮಿತು. ಮತ್ತೆ ಕೆಮ್ಮಿತು. ಎದ್ದಿತು. ಪವಿತ್ರ ಸಾಲಿನ ಕೊನೆಗೆ ಹೋಗಿ ನಿಲ್ಲುವುದಕ್ಕೂ ಬಾವುಟ ಬೀಳುವುದಕ್ಕೂ ಸರಿಹೋಯಿತು.

ಈ ಸಲ ಹತ್ತು ಕಾರು. ಹೊಲದ ಕಡೆ ಹೋದವನು ವಾಪಸ್ಸು ಬರಲೇ ಇಲ್ಲ. ಕೊನೆಯಲ್ಲಿ ಹೊರಟವಳು ಎಂಟನೆಯವಳಾದಳು. ಆರನೆಯವಳಾದಳು. ಗುಡಿಸಿದ ಮೇಲೂ ತಿರುವಿನಲ್ಲಿ ಅಷ್ಟಿಷ್ಟು ಹುರುಳಿ ಉಳಿದಿತ್ತು. ಬೇರೆಯವರು ಅಲ್ಲಿ ಹೆದರಿ ಹೆದರಿ ಹೋದರೆ ಇವಳು ಕಾರನ್ನು ಬೇಕೆಂದೇ ಅಡ್ಡ ಜಾರಿಸಿ ದಾಟಿಸುತ್ತಿದ್ದಳು. ಐದಾಯಿತು. ನಾಲ್ಕಾಯಿತು. ನಾರಾಯಣಪ್ಪ ನನ್ನ ತೋಳನ್ನು ಹಿಂಡಿ ನೀಲಿ ಮಾಡಿದರು. ಕೊನೆಯ ಸುತ್ತಿನಲ್ಲಿ ಮೂರನೆಯವನ ಪಕ್ಕಕ್ಕೆ ಬಂದಳು. ಇಬ್ಬರೂ ಒಟ್ಟಿಗೇ ಗೆರೆ ದಾಟಿದಂತೆ ಕಂಡಿತು.

ಒಟ್ಟಿಗೇ ಅಲ್ಲ. ಅವನು ಒಂದು ಮೊಳ ಮುಂದಿದ್ದ.

ಪವಿತ್ರ ಇಳಿದು ಹೆಲ್ಮೆಟ್ ತೆಗೆದಳು. "ಅಜ್ಜಿ, ಯಾಕೆ ಹಾಕ್ದೆ?"

"ನಿಂಗೆ ಹಿಡಿತ ಸಿಗ್ಲಿ ಅಂತ."

ನಗುತ್ತಾಳೋ ಅಳುತ್ತಾಳೋ ಎಂದು ಕಾದೆ. ಎರಡೂ ಮಾಡಲಿಲ್ಲ. ಹೋಗಿ ಕಾರಿನ ಕೆಳಗೆ ಮಲಗಿಕೊಂಡಳು. ರಿಪೇರಿ ಮಾಡುತ್ತಿರಲಿಲ್ಲ, ಸುಮ್ಮನೆ ಮಲಗಿದ್ದಳು. ಸಂಜೆ ಎದ್ದು ಬೇಲಿಯ ಹತ್ತಿರ ನಿಂತು ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದಳು. ಕಾರು ಮಾರುವ ಮಾತೇ ಇರಬೇಕೆಂದುಕೊಂಡೆ. ಕೇಳುವ ಮುಖ ನನಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ನೀರೂ ಹಾಕದೆ, ಒಂದು ಚೀಲ ಅವರೆಕಾಯಿ ಹಿಡಿದು, ಮೊದಲ ಬಸ್ಸಿಗೆ ಹೊಸಕೋಟೆಗೆ ಹೋದೆ. ಪ್ರಸಾದ್ ಆಗ ತಾನೇ ಶೆಡ್ಡಿನ ಬಾಗಿಲು ಎತ್ತುತ್ತಿದ್ದ. ನನ್ನನ್ನು ಕಂಡು ಮೊದಲು ನನ್ನ ಚೀಲದೊಳಗೆ ಏನಿದೆ ಎಂದು ನೋಡಿದ.

"ತಪ್ಪು ನಂದು ಕಣಪ್ಪ, ಹುಡ್ಗೀದಲ್ಲ. ನಾನು ಹರವ್ದೇ ಇದ್ದಿದ್ರೆ ಅವಳೇ ಮೊದಲು ಬರೋಳು. ಶಿಕ್ಷೆ ಏನಿದ್ರೂ ನಂಗೆ ಹಾಕು. ಅವಳ್ನ ಬಿಡ್ಬೇಡ," ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ.

"ಕೂತ್ಕೊಳಿ ಅಜ್ಜಿ. ನಿನ್ನೆ ಸಾಯಂಕಾಲನೇ ಪವಿತ್ರ ಫೋನ್ ಮಾಡಿದ್ಲು. ಊಟ ಆದ್ಮೇಲೆ ಟ್ರ್ಯಾಕು ಇನ್ನೊಂದ್ಸಲ ನಡೆದು ನೋಡ್ಬೇಕಿತ್ತು, ನೋಡ್ಲಿಲ್ಲ, ನಂದೇ ತಪ್ಪು ಅಂದ್ಲು. ನಿಮ್ಮೇಲೆ ಒಂದು ಮಾತು ಹಾಕ್ಲಿಲ್ಲ. ಗೆದ್ದ ಮೂರು ಜನ ಫೋನ್ ಮಾಡಿ ಕಾರು ಯಾವ ಬಣ್ಣ ಅಂತ ಕೇಳಿದ್ರು," ಎಂದು ಪ್ರಸಾದ್ ನಕ್ಕ. "ಒಂದಿನ ಬಂದು ನನ್ನ ಕಾರು ಓಡಿಸಿ ತೋರ್ಸು ಅಂದಿದೀನಿ. ಚೆನ್ನಾಗಿ ಓಡಿಸಿದ್ರೆ ತಗೋತೀನಿ, ಇಲ್ಲಾಂದ್ರೆ ಇಲ್ಲ."

ನನ್ನ ಜೀವ ಜಾಗಕ್ಕೆ ಬಂತು. "ಯಾವತ್ತಪ್ಪಾ ಅದು?"

ಅವನು ತಲೆ ಕೆರೆದುಕೊಂಡ. "ಅದೊಂದು ಕೇಳ್ಬೇಡಿ ಅಜ್ಜಿ. ದಿನ ಮಾತ್ರ ಅಜ್ಜಿಗೆ ಹೇಳ್ಬೇಡಿ ಅಂತ ಮಾತು ತಗೊಂಡಿದಾಳೆ."

ಮೊಮ್ಮಗಳ ಪರವಾಗಿ ವಾದ ಮಾಡಲು ಹೋದವಳು, ಅವರೆಕಾಯಿಯನ್ನೂ ಕೊಟ್ಟು, ನನಗೇ ಪ್ರವೇಶವಿಲ್ಲವೆಂದು ಕೇಳಿಸಿಕೊಂಡು, ಒಂಬತ್ತರ ಬಸ್ಸು ಹತ್ತಿದೆ.