ನಮ್ಮತ್ತೆ, ಗೋಡೆ ಮತ್ತು ನನ್ನ ಮುರಿದ ಕಾಲು

೧೯೭೪ರಲ್ಲಿ ಏಳನೆಯ ತರಗತಿಯಲ್ಲೇ ಓದಿಗೆ ಕತ್ತರಿ ಹಾಕಿದವನು ನಾನು. ಆಮೇಲೆ ಬಟ್ಟೆಗೆ ಹಾಕುವುದನ್ನು ಕಲಿತೆ. ನಾನು ಹೊಲಿದ ಅಂಗಿ ಹರಿಯಬಹುದು, ಹೊಲಿಗೆ ಬಿಚ್ಚುವುದಿಲ್ಲ. ಇದು ಜಂಬವಲ್ಲ, ಸಿಂಧನೂರಿನಲ್ಲಿ ಯಾರನ್ನಾದರೂ ಕೇಳಿ! ನನ್ನ ಮದುವೆಯಾಗಿ ಆರು ವರ್ಷ ಕಳೆದರೂ ಇಂಥ ನನ್ನನ್ನು ಒಮ್ಮೆಯೂ ಮಾತಾಡಿಸದ ಜೀವ ಜಗತ್ತಿನಲ್ಲಿ ಒಂದೇ. ನಮ್ಮತ್ತೆ!

ಜಗಳವೇನೂ ಇಲ್ಲ. ನಮ್ಮ ಕಡೆ ಅವರ ಕಾಲದ ಹೆಂಗಸರು ಅಳಿಯನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಆದರೂ ಒಂದು ಮೊಮ್ಮಗು ಹುಟ್ಟಿದ ಮೇಲೆ ಎಲ್ಲರೂ ತುಸು ಸಡಿಲವಾಗುತ್ತಾರೆ. ನಮ್ಮತ್ತೆ ಎರಡು ಹುಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ. ಮಸ್ಕಿಯ ಅವರ ಮನೆಯಲ್ಲಿ ನಾನು ಊಟಕ್ಕೆ ಕೂತರೆ ಸೆರಗು ಮುಂದೆಳೆದುಕೊಂಡು, "ಇನ್ನೊಂದು ರೊಟ್ಟಿ ಹಾಕ್ಲೇನಪಾ, ಗೋಡೆಪ್ಪಾ?" ಎಂದು ಗೋಡೆಯನ್ನು ಕೇಳುವರು. ಗೋಡೆ ಏನು ಹೇಳೀತು? ರೊಟ್ಟಿ ಮಾತ್ರ ತಪ್ಪದೆ ನನ್ನ ತಟ್ಟೆಗೇ ಬೀಳುತ್ತಿತ್ತು!

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಶಾಲೆಯೊಂದರ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದು ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಲಿಂಗಸುಗೂರಿನಿಂದ ಬಟ್ಟೆ ತಂದು, ಬಸ್ಸಿನ ಟಾಪಿನಿಂದ ಗಂಟು ಇಳಿಸುವಾಗ ಏಣಿಯಿಂದ ಜಾರಿದೆ. ಗಂಟನ್ನು ಮಾತ್ರ ಬಿಡಲಿಲ್ಲ. ಬಟ್ಟೆಗೆ ಒಂದು ಚೂರು ಮಣ್ಣಾಗಲಿಲ್ಲ, ಬಲಗಾಲು ಮುರಿಯಿತು!

ತೊಡೆಯವರೆಗೆ ಪ್ಲಾಸ್ಟರ್. ನನ್ನದೋ ಕಾಲಲ್ಲಿ ತುಳಿಯುವ ಮಷಿನ್ನು. ಹೆಂಡತಿ ಬೆಳಿಗ್ಗೆಯೇ ದಢೇಸುಗೂರಿನ ಅಂಗನವಾಡಿ ಕೆಲಸಕ್ಕೆ ಬಸ್ಸು ಹಿಡಿಯುವವಳು. ದೊಡ್ಡ ಮಗಳಿಗೆ ಜಡೆ ಹಾಕುವವನು, ಇನ್ನೂ ಅಂಬೆಗಾಲಿಡುತ್ತಿದ್ದ ಚಿಕ್ಕವಳ ಹಿಂದೆ ಅನ್ನದ ಬಟ್ಟಲು ಹಿಡಿದು ಓಡುವವನು ನಾನೇ. ಈಗ ಯಾರು? ಮತ್ತೆ ಮಷಿನ್ ತುಳಿಯಲು ಆಗದಿದ್ದರೆ ಈ ಮನೆಯ ಗತಿ ಏನು? ಹೆಂಡತಿಯ ಮುಂದೆ ನಗುತ್ತಿದ್ದೆ, ಒಳಗೆ ಮಾತ್ರ ಇದೇ ಕೊರೆತ.

ಅಷ್ಟರಲ್ಲಿ ಮಸ್ಕಿಯಿಂದ ಅತ್ತೆ ಬಂದಿಳಿದರು, ರೊಟ್ಟಿ ಗಂಟು, ಶೇಂಗಾ ಚಟ್ನಿಯ ಡಬ್ಬಿ ಸಮೇತ. ಬಂದವರೇ ಮಷಿನ್ನಿನ ಮುಂದೆ ನಿಂತು ಅದನ್ನೇ ಕೇಳಿದರು: "ಯಾಕಪಾ, ಸುಮ್ನ ನಿಂತೀಯಲ್ಲ?"

"ಯವ್ವಾ, ಅದು ತಾನ ಓಡ್ತದೇನು? ತುಳಿಯೋರು ಮಲಗ್ಯಾರ" ಎಂದಳು ಹೆಂಡತಿ.

"ತುಳಿಯಾಕ ಅವರ ಕಾಲೇ ಬೇಕೇನು? ನನ್ನವೂ ಎರಡು ಅದಾವಲ್ಲ ಬೇ!"

ಶುರುವಾಯಿತು ನೋಡಿ! ಈ ಕಡೆ ನಾನು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕೈಯಲ್ಲಿ ಬಟ್ಟೆ ಹಿಡಿದು. ಆ ಕಡೆ ಅತ್ತೆ ಮಣೆಯ ಮೇಲೆ ಕೂತು ತುಳಿಯುವುದು. ನಡುವೆ, ಮುಖ ಕಾಣದಂತೆ ಮಷಿನ್ನಿಗೆ ಒಂದು ಹಳೆಯ ಚಾದರದ ಪರದೆ! ಯೂನಿಫಾರಂ ವಿಚಾರಿಸಲು ಬಂದ ಮಾಸ್ತರರು ಬಾಗಿಲಲ್ಲೇ ನಿಂತರು. "ಏನ್ರೀ ಇದು, ಮಷಿನ್ನಿಗೆ ಸೆರಗು ಹೊದಿಸೀರಿ?"

ಅತ್ತೆಗೆ ನೇರವಾಗಿ "ನಿಲ್ಲಿಸಿ" ಎನ್ನಲು ನನಗೂ ಸಂಕೋಚ. "ಮಷಿನ್ ಸ್ವಲ್ಪ ತಾಳಲಿ" ಎಂದು ತಲೆ ಎತ್ತಿ ಮಾಳಿಗೆಗೆ ಹೇಳುತ್ತಿದ್ದೆ. ಆ ಮಾತು ಮಾಳಿಗೆ ಮುಟ್ಟಿ, ಅಲ್ಲಿಂದಿಳಿದು ಅತ್ತೆಯನ್ನು ತಲುಪುವಷ್ಟರಲ್ಲಿ ಚಡ್ಡಿಯ ಎರಡು ಕಾಲೂ ಸೇರಿ ಹೊಲಿಗೆಯಾಗಿರುತ್ತಿತ್ತು! ದೊಡ್ಡವಳು ಅದನ್ನು ಎತ್ತಿ ಹಿಡಿದು, "ಅಪ್ಪಾ, ಇದು ನಿಂದೇನು? ಒಂದೇ ಕಾಲು ಅದ!" ಎಂದಳು. ಚಾದರದಾಚೆ ಅತ್ತೆ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಬಿಚ್ಚಿದ್ದೆಷ್ಟೋ, ಹೊಲಿದದ್ದೆಷ್ಟೋ. ಶಾಲೆ ತೆರೆಯುವ ಮೊದಲೇ ಯೂನಿಫಾರಂ ಮುಗಿಯಿತು.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಜೋಳದ ದಂಟಿನಂತಾಗಿತ್ತು. ಊರಲು ಭಯ. ಚಿಕ್ಕವಳೂ ಆಗಲೇ ಎದ್ದು ನಿಲ್ಲಲು ಕಲಿಯುತ್ತಿದ್ದಳು. ಅತ್ತೆ ಅವಳನ್ನು ನನ್ನ ಪಕ್ಕದಲ್ಲೇ ಗೋಡೆ ಹಿಡಿಸಿ ನಿಲ್ಲಿಸಿದರು. "ಹೆಜ್ಜಿ ಇಡು ನನ್ನವ್ವಾ. ಅಂಜಬ್ಯಾಡ. ಬಿದ್ರ ಹಿಡಿಯಾಕ ನಾ ಅದೀನಿ."

ಹೇಳಿದ್ದು ಮಗುವಿಗೆ. ಇಟ್ಟದ್ದು ನಾನು.

"ಶಾಬಾಸ್!" ಎಂದರು, ಮಗುವಿನ ಗಲ್ಲ ಹಿಂಡಿ. ಅದು ತೊಪ್ಪನೆ ಕೂತು ಚಪ್ಪಾಳೆ ತಟ್ಟಿತು!

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಕೋಲು ಬಿಟ್ಟು ಮಷಿನ್ನಿನ ಕಡೆ ಒಬ್ಬನೇ ಹೊರಟೆ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಮೊಣಕಾಲು ಕುಸಿಯಿತು. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಎಸೆದು ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಏ ಹುಚ್ಚ ಖೋಡಿ! ಏನಲೇ ಅವಸರ ನಿಂದು? ನಾ ಸತ್ತೀನೇನು?"

ಸೆರಗು ಜಾರಿತ್ತು. ಅವರ ತಲೆಗೂದಲು ಅಷ್ಟು ಬೆಳ್ಳಗಾಗಿದೆಯೆಂದು ನನಗೆ ಅಂದೇ ತಿಳಿದದ್ದು. ನೆಲದ ತುಂಬ ಜೋಳ. ಆಮೇಲೆ ಅತ್ತೆ ಸೆರಗೆಳೆದುಕೊಂಡು ಮುಖ ತಿರುಗಿಸಿ, "ಗೋಡೆಪ್ಪಾ, ಬೈದದ್ದು ನಿನಗ, ತಿಳೀತಿಲ್ಲೋ?" ಎಂದರು. ಆದರೆ ನಾನು ಮಷಿನ್ನಿನ ಮುಂದೆ ಕೂತು, ಬಲಗಾಲು ಊರಿ, ಗಾಲಿ ಒಂದು ಸುತ್ತು ತಿರುಗುವವರೆಗೂ ಆ ಕೈ ನನ್ನ ರಟ್ಟೆ ಬಿಡಲಿಲ್ಲ.

"ಗೋಡೆಪ್ಪಾ, ನಿನ್ನ ಋಣ ಹ್ಯಾಂಗ ತೀರಿಸ್ಲೋ?" ಎಂದೆ ನಾನೂ.

ಗೋಡೆ ಮಾತಾಡಲಿಲ್ಲ. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಜೋಳ ಬಳಿಯಲು ಹೋದರು. ಇಂದಿಗೂ ಅವರು ಮಾತಾಡುವುದು ಗೋಡೆಯ ಜೊತೆಗೇ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕಾಲು, ಮೂರು ಮಷಿನ್ನು, ಒಬ್ಬ ಹೆಂಡತಿ, ಓಡಾಡುವ ಇಬ್ಬರು ಹೆಣ್ಣುಮಕ್ಕಳು, ನೇರವಾಗಿ ನನಗೇ ಬೈದ ಒಂದು ಬೈಗುಳ.